ಅಂಕಿಯ ಜಾಡು ಹಿಡಿದು: ಜನಸಂಖ್ಯಾ ನೀತಿಯ ಮೇಲೆ ಪಿಎಚ್‌ಡಿ ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಜನಸಂಖ್ಯಾ ನೀತಿ ಮತ್ತು ವಿಜ್ಞಾನದ ರಾಜಕಾರಣದ ಮೇಲೆ ಸಂಶೋಧನೆ ಮಾಡಬೇಕೆನ್ನುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಇಷ್ಟು ದೊಡ್ಡ ವಿಷಯವನ್ನು ಕಿರಿದು ಮಾಡುವುದು ಹೇಗೆ? ಸಂಖ್ಯಾಶಾಸ್ತ್ರ ಬರಲೇಬೇಕೆ? ಹಳೆಯ ಸರ್ಕಾರಿ ಕಡತಗಳು ಎಲ್ಲಿ ಸಿಗುತ್ತವೆ? ತುರ್ತು ಪರಿಸ್ಥಿತಿಯ (1975-77) ಬಲವಂತದ ಸಂತಾನಹರಣದ ಬಗ್ಗೆ ಎಲ್ಲರೂ ಬರೆದಾಯಿತಲ್ಲ, ಇನ್ನೇನು ಉಳಿದಿದೆ? ಕೊನೆಯ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇವೆ: ಬಹಳ ಉಳಿದಿದೆ, ಅದರಲ್ಲೂ ಕರ್ನಾಟಕದಲ್ಲಿ.

ಶುರುವಿಗೆ ಮುಂಚೆ ಒಂದು ಗೊಂದಲ ಬಿಡಿಸಿಕೊಳ್ಳಿ. ‘ವಿಜ್ಞಾನದ ರಾಜಕಾರಣ’ ಎಂದರೆ ಪಕ್ಷಗಳ ಜಗಳವಲ್ಲ, ವಿಜ್ಞಾನ ಸುಳ್ಳು ಎಂಬ ವಾದವೂ ಅಲ್ಲ. ಯಾರ ತಿಳಿವಳಿಕೆಗೆ ವಿಜ್ಞಾನದ ಪಟ್ಟ ಸಿಕ್ಕಿತು, ಅದಕ್ಕೆ ಹಣ ಎಲ್ಲಿಂದ ಬಂತು, ಅದು ಯಾವ ಪ್ರಶ್ನೆ ಕೇಳಿ ಯಾವುದನ್ನು ಕೈಬಿಟ್ಟಿತು, ಕೊನೆಗೆ ಸರ್ಕಾರಿ ಆದೇಶವಾಗಿ ಹಳ್ಳಿಗೆ ಹೇಗೆ ಇಳಿಯಿತು ಎಂಬ ವಿಚಾರಣೆ ಇದು.

ಒಂದು ಉದಾಹರಣೆ ನೋಡಿ. ಗುರಿ ಪದ್ಧತಿಯ (ಇಷ್ಟು ಕೇಸು ಆಗಲೇಬೇಕೆಂದು ಮೇಲಿನಿಂದ ಅಂಕಿ ಗೊತ್ತುಮಾಡುವ ಕ್ರಮ) ಕಾಲದಲ್ಲಿ ನಮ್ಮ ಕುಟುಂಬ ಯೋಜನಾ ಇಲಾಖೆ ಎಲ್ಲ ವಿಧಾನಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ‘ಸಮಾನ ಸಂತಾನಶಕ್ತಿಹರಣ’ ಎಂಬ ಲೆಕ್ಕ ಇಟ್ಟುಕೊಂಡಿತ್ತು. ಒಂದು ಆಪರೇಷನ್‌ಗೆ (ಸಂತಾನಹರಣ ಶಸ್ತ್ರಚಿಕಿತ್ಸೆ) 3 ವಂಕಿ (ಗರ್ಭಕೋಶದೊಳಗೆ ಇಡುವ ಸಾಧನ) ಸಮ, ಅಥವಾ 9 ಮಂದಿ ಗುಳಿಗೆ ಬಳಸುವವರು ಸಮ, ಅಥವಾ 18 ಮಂದಿ ನಿರೋಧ್ (ಕಾಂಡೋಮ್) ಬಳಸುವವರು ಸಮ. ಕಾಗದದ ಮೇಲೆ ಇದು ಸಾದಾ ಭಾಗಾಕಾರ. ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟಿಸಬೇಕಾದ ಆರೋಗ್ಯ ಕಾರ್ಯಕರ್ತೆಯ ಜಾಗದಲ್ಲಿ ನಿಂತು ಇದನ್ನೇ ಓದಿ. ಹದಿನೆಂಟು ಗಂಡಸರ ಬೆನ್ನು ಹತ್ತುವುದೋ, ಒಬ್ಬ ಹೆಂಗಸನ್ನು ಕ್ಯಾಂಪಿಗೆ ಕರೆತರುವುದೋ? ಆ ತೀರ್ಮಾನವನ್ನು ಅವಳ ಪರವಾಗಿ ಅನುಪಾತವೇ ಮಾಡಿಬಿಟ್ಟಿತ್ತು. ನಿಮ್ಮ ಸಂಶೋಧನೆ ಹುಡುಕಬೇಕಾದದ್ದು ಇಂಥ ಜಾಗಗಳನ್ನು.

ಕೈಯಲ್ಲಿ ಇರಬೇಕಾದದ್ದು

ಸಂಖ್ಯಾಶಾಸ್ತ್ರದ ಪದವಿ ಬೇಡ. ಆದರೆ ಜನನ ದರ, ಒಟ್ಟು ಫಲವತ್ತತೆ ದರ (ಈಗಿನ ವಯೋವಾರು ಜನನ ದರಗಳೇ ಮುಂದುವರಿದರೆ ಒಬ್ಬ ಹೆಂಗಸು ಜೀವಮಾನದಲ್ಲಿ ಹೆರುವ ಸರಾಸರಿ ಮಕ್ಕಳು), ಮರುಭರ್ತಿ ಮಟ್ಟ (ಸುಮಾರು 2.1) ಇವುಗಳನ್ನು ಕೈಯಿಂದ ಲೆಕ್ಕ ಹಾಕಲು ಬರಬೇಕು. ಎರಡು ತಿಂಗಳ ಓದು ಸಾಕು. ಇಂಗ್ಲಿಷ್ ಕಡತ ಓದುವ ಅಭ್ಯಾಸ ಮತ್ತು ಹಳೆಯ ಕನ್ನಡ ಕೈಬರಹದ ಪರಿಚಯ ಇರಲಿ. ಸಮಯದ ವಿಷಯಕ್ಕೆ ಬಂದರೆ, ಯುಜಿಸಿಯ 2022ರ ನಿಯಮದ ಪ್ರಕಾರ ಕೋರ್ಸ್‌ವರ್ಕ್ ಸೇರಿ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಪತ್ರಾಗಾರ ಮತ್ತು ಸಂದರ್ಶನ ಎರಡೂ ಇರುವ ವಿಷಯವನ್ನು ಮೂರು ವರ್ಷದಲ್ಲಿ ಮುಗಿಸುತ್ತೇನೆಂದು ಹೊರಡಬೇಡಿ. ಐದು ಎಂದುಕೊಳ್ಳಿ.

ಹಂತ 1: ನೀತಿಯನ್ನು ಬಿಟ್ಟು ಒಂದು ವಸ್ತು ಹಿಡಿಯಿರಿ

‘ಭಾರತದ ಜನಸಂಖ್ಯಾ ನೀತಿ: ಒಂದು ವಿಮರ್ಶಾತ್ಮಕ ಅಧ್ಯಯನ’ ಎಂಬ ಶೀರ್ಷಿಕೆ ಹೊತ್ತು ಬಂದ ಪ್ರಸ್ತಾವನೆಗಳು ಅರ್ಧದಲ್ಲೇ ನಿಲ್ಲುತ್ತವೆ. ನೀತಿ ಎಂಬುದು ಕೈಗೆ ಸಿಗುವ ವಸ್ತುವಲ್ಲ. ಒಂದು ಅಂಕಿ, ಒಂದು ಸಾಧನ, ಒಂದು ಸಮೀಕ್ಷೆ ಅಥವಾ ಒಂದು ಸೂತ್ರವನ್ನು ಹಿಡಿದು, ಅದು ಹುಟ್ಟಿದ ಜಾಗದಿಂದ ಬಳಕೆಯಾದ ಜಾಗದವರೆಗೆ ಹಿಂಬಾಲಿಸಿ.

ಅಂಕಿ ಹಿಡಿಯುವುದಾದರೆ ‘ಸಾವಿರಕ್ಕೆ 25’ ಒಳ್ಳೆಯ ಆಯ್ಕೆ. ಜನನ ಪ್ರಮಾಣವನ್ನು ಸಾವಿರಕ್ಕೆ 25ಕ್ಕೆ ಇಳಿಸಬೇಕೆಂಬ ಗುರಿಗೆ 1960ರ ದಶಕದ ಆರಂಭದಲ್ಲಿ ಇಟ್ಟ ಗಡುವು 1973. 1976ರ ನೀತಿಯಲ್ಲಿ ಅದೇ 25ಕ್ಕೆ ಗಡುವು ಆರನೇ ಪಂಚವಾರ್ಷಿಕ ಯೋಜನೆಯ ಕೊನೆಗೆ ಜಾರಿತು. ದೇಶ ನಿಜವಾಗಿ ಅಲ್ಲಿಗೆ ತಲುಪಿದ್ದು ಈ ಶತಮಾನ ಬಂದ ಮೇಲೆ. ಗಡುವು ಜಾರಿದರೂ ಅಂಕಿ ಮಾತ್ರ ಯಾಕೆ ಕದಲಲಿಲ್ಲ? ಇದೊಂದೇ ಪ್ರಶ್ನೆಯಲ್ಲಿ ಎರಡು ಅಧ್ಯಾಯದ ಸರಕಿದೆ.

ಸಾಧನವಾದರೆ 1965ರಲ್ಲಿ ಬಂದ ಲಿಪ್ಪೀಸ್ ಲೂಪ್ (ಮೇಲೆ ಹೇಳಿದ ವಂಕಿ) ಇದೆ. ಮಾದರಿಯಾದರೆ ಪ್ರಿನ್ಸ್‌ಟನ್ನಿನ ಕೋಲ್ ಮತ್ತು ಹೂವರ್ 1958ರಲ್ಲಿ ಭಾರತದ ಮೇಲೆ ಕಟ್ಟಿದ ಲೆಕ್ಕಾಚಾರ: ಫಲವತ್ತತೆ ಹಾಗೆಯೇ ಉಳಿದರೆ ಏನು, ಅರ್ಧಕ್ಕಿಳಿದರೆ ಏನು ಎಂದು 1986ರವರೆಗೆ ಮುಂದಿಟ್ಟು ನೋಡಿದ್ದು. ಮಕ್ಕಳ ಮೇಲೆ ಮಾಡುವ ಖರ್ಚನ್ನು ಆ ಮಾದರಿ ಯಾವ ಖಾತೆಗೆ ಹಾಕಿತು ಎಂದು ಹುಡುಕಿದರೆ ಅರ್ಧ ಕೆಲಸ ಮುಗಿದಂತೆ.

ಈಚಿನ ಸೂತ್ರ ಬೇಕೆನ್ನುವವರಿಗೆ ಹದಿನೈದನೇ ಹಣಕಾಸು ಆಯೋಗ (2021-26) ಕಾದಿದೆ. ಅದು ತೆರಿಗೆ ಪಾಲು ಹಂಚಲು 2011ರ ಜನಗಣತಿಯನ್ನು ತೆಗೆದುಕೊಂಡು, ಜನನ ತಗ್ಗಿಸಿದ ರಾಜ್ಯಗಳಿಗೆ ನಷ್ಟವಾಗದಿರಲೆಂದು ‘ಜನಸಂಖ್ಯಾ ಸಾಧನೆ’ಗೆ ಶೇ 12.5 ತೂಕ ಕೊಟ್ಟಿತು. ಆದರೂ ಕರ್ನಾಟಕದ ಪಾಲು ಶೇ 4.713ರಿಂದ 3.647ಕ್ಕೆ ಇಳಿಯಿತು. ಒಂದು ಎಚ್ಚರಿಕೆ: ಈ ಇಳಿಕೆಗೆ ಜನಸಂಖ್ಯೆಯೊಂದೇ ಕಾರಣ ಎಂದು ಪತ್ರಿಕೆಗಳಲ್ಲಿ ಓದುತ್ತೀರಿ. ಶೇ 45 ತೂಕ ಇದ್ದ ‘ಆದಾಯ ಅಂತರ’ವನ್ನು (ತಲಾ ಆದಾಯ ಕಡಿಮೆ ಇರುವ ರಾಜ್ಯಕ್ಕೆ ಹೆಚ್ಚು ಪಾಲು ಕೊಡುವ ಅಳತೆ) ಬಿಟ್ಟು ಆ ಮಾತು ಬರೆದರೆ ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ.

ಹಂತ 2: ಪ್ರಶ್ನೆಯನ್ನು ಕಡೆಯಿರಿ

ವಸ್ತು ಸಿಕ್ಕಿದ ಮೇಲೆ ಪ್ರಶ್ನೆ. ಒಂದು ಮಾದರಿಯನ್ನು ಪೂರ್ತಿ ಬಿಡಿಸಿ ನೋಡೋಣ, ಯಾಕೆಂದರೆ ಹೆಚ್ಚಿನವರು ಸೋಲುವುದು ಇಲ್ಲೇ.

1951ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಭಾರತಕ್ಕೆ ಬಂದರು. ಆಗಿನ ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಅನುಯಾಯಿ, ಕೃತಕ ಗರ್ಭನಿರೋಧಕಗಳು ಅವರಿಗೆ ಒಪ್ಪಿಗೆಯಿರಲಿಲ್ಲ. ಅತ್ತ ಜಿನೀವಾದಲ್ಲಿ, 1952ರ ವಿಶ್ವ ಆರೋಗ್ಯ ಸಭೆಯಲ್ಲಿ, ಜನಸಂಖ್ಯೆಯ ಪ್ರಶ್ನೆಗೆ ತಜ್ಞರ ಸಮಿತಿ ಬೇಕೆಂದ ನಾರ್ವೆಯ ಸಲಹೆ ಕ್ಯಾಥೊಲಿಕ್ ದೇಶಗಳ ವಿರೋಧಕ್ಕೆ ಬಿದ್ದುಹೋಯಿತು. ಇವೆರಡರ ನಡುವೆ ಉಳಿದ ದಾರಿ ಒಂದೇ: ತಿಂಗಳ ‘ಸುರಕ್ಷಿತ ದಿನ’ಗಳನ್ನು ಎಣಿಸುವ ವಿಧಾನ. ಅದರ ಪ್ರಯೋಗ ನಡೆದ ಎರಡು ಜಾಗಗಳು ದೆಹಲಿಯ ಲೋಧಿ ಕಾಲೊನಿ ಮತ್ತು ನಮ್ಮ ರಾಮನಗರ. ಈ ಪ್ರಯೋಗಗಳ ಕಾಲದಲ್ಲಿ ದಿನ ಎಣಿಸಲು ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟದ್ದೂ ಉಂಟು.

ಇದರ ಮೇಲೆ ಮೂರು ಥರ ಪ್ರಶ್ನೆ ಕೇಳಬಹುದು. ‘ರಾಮನಗರದ ಪ್ರಯೋಗ ಯಶಸ್ವಿಯಾಯಿತೆ?’ ಇದು ಆರೋಗ್ಯ ಇಲಾಖೆಯ ಪ್ರಶ್ನೆ, ನಿಮ್ಮದಲ್ಲ. ‘ಸಚಿವೆಯ ನಂಬಿಕೆ ವಿಜ್ಞಾನವನ್ನು ಕೆಡಿಸಿತೆ?’ ಇದರಲ್ಲಿ ಉತ್ತರ ಮೊದಲೇ ಕೂತಿದೆ. ‘ಒಂದು ವಿಧಾನ ಭಾರತದ ಹೆಂಗಸರಿಗೆ ಹೊಂದುತ್ತದೆ ಎಂಬ ತೀರ್ಮಾನ ಪ್ರಯೋಗದಿಂದ ಬಂತೋ, ಪ್ರಯೋಗಕ್ಕೆ ಮುಂಚೆಯೇ ಆಗಿತ್ತೋ? ಸೋತಾಗ ತಪ್ಪನ್ನು ವಿಧಾನದ ಮೇಲೆ ಹೊರಿಸಲಾಯಿತೋ, ಹೆಂಗಸರ ಮೇಲೋ?’ ಇದನ್ನು ಕಡತ ತೋರಿಸಿ ಉತ್ತರಿಸಬಹುದು, ಉತ್ತರ ಯಾವ ಕಡೆಗೂ ಬರಬಹುದು. ನಿಮ್ಮ ಪ್ರಶ್ನೆಯನ್ನು ಇದೇ ಒರೆಗೆ ಹಚ್ಚಿ: ಯಾವ ದಾಖಲೆ ಸಿಕ್ಕಿದರೆ ನಾನು ಹೇಳುತ್ತಿರುವುದು ತಪ್ಪೆಂದು ಒಪ್ಪಿಕೊಳ್ಳುತ್ತೇನೆ? ಉತ್ತರ ಹೊಳೆಯದಿದ್ದರೆ ಪ್ರಶ್ನೆ ಇನ್ನೂ ಹದಕ್ಕೆ ಬಂದಿಲ್ಲ.

ಪ್ರಸ್ತಾವನೆ ಬರೆಯುವ ಮೊದಲು ಶೋಧಗಂಗಾದಲ್ಲಿ (ಭಾರತದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ) ಒಂದು ವಾರ ಕಳೆಯಿರಿ. ಮಾರ್ಗದರ್ಶಕರನ್ನು ಆರಿಸುವಾಗ ಹೆಸರಿಗಿಂತ ಅವರ ವಿಭಾಗ ನೋಡಿ. ಜನಸಂಖ್ಯಾಶಾಸ್ತ್ರದ ವಿಭಾಗದಲ್ಲಿ ನೋಂದಾಯಿಸಿದರೆ ಕಡತ ಓದುವ ಅಧ್ಯಾಯಕ್ಕೆ ‘ದತ್ತಾಂಶ ಎಲ್ಲಿ?’ ಎನ್ನುತ್ತಾರೆ, ಇತಿಹಾಸ ವಿಭಾಗದಲ್ಲಾದರೆ ಸಮೀಕ್ಷೆಯ ಕೋಷ್ಟಕ ಕಂಡು ಹುಬ್ಬೇರಿಸುತ್ತಾರೆ. ಇನ್ನೊಂದು ವಿಭಾಗದ ಸಹಮಾರ್ಗದರ್ಶಕರನ್ನು ಮೊದಲ ವರ್ಷವೇ ಬರಹದಲ್ಲಿ ಸೇರಿಸಿಕೊಳ್ಳಿ. ಬೆಂಗಳೂರಿನಲ್ಲಿರುವವರು ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ (ಐಸೆಕ್) ಜನಸಂಖ್ಯಾ ಸಂಶೋಧನಾ ಕೇಂದ್ರವನ್ನು ಬಳಸಿಕೊಳ್ಳದೇ ಇರುವುದು ದಡ್ಡತನ.

ಹಂತ 3: ಹುಡುಕುಪದಗಳ ಪಟ್ಟಿ

ಕೆಲಸ ಸಣ್ಣದು, ಆದರೆ ಬಿಟ್ಟರೆ ತಿಂಗಳುಗಟ್ಟಲೆ ನಷ್ಟ. ಒಂದೇ ಕಾರ್ಯಕ್ರಮ ಕಾಲಕ್ಕೊಂದು ಹೆಸರಲ್ಲಿ ಕಡತಗಳಲ್ಲಿ ಅಡಗಿದೆ. 1920ರಿಂದ 40ರವರೆಗೆ ‘ಬರ್ತ್ ಕಂಟ್ರೋಲ್’, ‘ಯುಜೆನಿಕ್ಸ್’ (ಸುಪ್ರಜನನ: ‘ಒಳ್ಳೆಯ ತಳಿ’ ಬೆಳೆಸುವ ಅಂದಿನ ವಾದ), ‘ಮೆಟರ್ನಿಟಿ ಅಂಡ್ ಚೈಲ್ಡ್ ವೆಲ್ಫೇರ್’. 1952ರಿಂದ 77ರವರೆಗೆ ‘ಫ್ಯಾಮಿಲಿ ಪ್ಲಾನಿಂಗ್’. ತುರ್ತು ಪರಿಸ್ಥಿತಿಯಿಂದ ಆ ಹೆಸರೇ ಕೆಟ್ಟುಹೋಗಿ 1977ರ ನಂತರ ‘ಫ್ಯಾಮಿಲಿ ವೆಲ್ಫೇರ್’, ಕನ್ನಡದಲ್ಲಿ ಕುಟುಂಬ ಕಲ್ಯಾಣ. 1997ರ ನಂತರ ‘ಆರ್‌ಸಿಎಚ್’ (ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ). ರಾಜ್ಯದ ಹೆಸರು 1973ರ ನವೆಂಬರ್ 1ರವರೆಗೆ ಮೈಸೂರು ಎಂಬುದನ್ನೂ ಮರೆಯಬೇಡಿ. ‘ಕರ್ನಾಟಕ’ ಎಂದು ಹುಡುಕಿ ಏನೂ ಸಿಗಲಿಲ್ಲ ಎಂದು ವಾಪಸಾದವರಿದ್ದಾರೆ.

ಕನ್ನಡ ಪತ್ರಿಕೆಗಳಿಗೆ ಬೇರೆ ಪಟ್ಟಿ ಮಾಡಿ: ಸಂತಾನ ನಿಯಂತ್ರಣ, ಮಿತ ಸಂತಾನ, ವಂಕಿ, ಕೆಂಪು ತ್ರಿಕೋನ (ಕುಟುಂಬ ಯೋಜನೆಯ ಚಿಹ್ನೆ). ಈ ಪದಗಳು ಒಂದಕ್ಕೊಂದು ಪರ್ಯಾಯವಲ್ಲ. ‘ಸಂತಾನ ನಿಯಂತ್ರಣ’ದಲ್ಲಿ ನಿಯಂತ್ರಿಸುವವರು ಯಾರು ಎಂಬ ಪ್ರಶ್ನೆ ತೆರೆದೇ ಇದೆ, ‘ಕುಟುಂಬ ಕಲ್ಯಾಣ’ದಲ್ಲಿ ಅದು ಮುಚ್ಚಿಹೋಗಿದೆ. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ಘೋಷಣೆಯನ್ನೇ ನೋಡಿ. ಎರಡು ಮಕ್ಕಳು ಎಂಬ ಅಂಕಿ ಕನ್ನಡಕ್ಕೆ ಬರುವಾಗ ಒಂದು ಹೆಣ್ಣು, ಒಂದು ಗಂಡು ಎಂದಾಯಿತು. ಮಗಳಿಗೆ ಆರತಿ, ಮಗನಿಗೆ ಕೀರ್ತಿ ಎಂದು ಕೆಲಸವೂ ಹಂಚಿಹೋಯಿತು. ಎರಡೂ ಹೆಣ್ಣಾದ ಮನೆಗೆ ಈ ಘೋಷಣೆ ಏನು ಹೇಳಿತು? ಇಂಗ್ಲಿಷ್ ಮೂಲಗಳನ್ನು ಮಾತ್ರ ಓದಿದವರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ನಿಮಗಿರುವ ಅನುಕೂಲ ಅದೇ.

ಹಂತ 4: ಪತ್ರಾಗಾರದಲ್ಲಿ

ಮೂರು ವಲಯಗಳಿವೆ. ಹತ್ತಿರದಿಂದ ದೂರಕ್ಕೆ ಹೋಗಿ.

ರಾಜ್ಯದ ಮಟ್ಟದಲ್ಲಿ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ, ಮೈಸೂರಿನ ವಿಭಾಗೀಯ ಕಚೇರಿ. 1930ರಲ್ಲಿ ಮೈಸೂರು ಸಂಸ್ಥಾನ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿತು. ಸರ್ಕಾರವೇ ನಡೆಸಿದ ಇಂಥ ಕ್ಲಿನಿಕ್‌ಗಳಲ್ಲಿ ಜಗತ್ತಿಗೇ ಮೊದಲು ಎಂದು ಇದನ್ನು ಎಲ್ಲರೂ ಬರೆಯುತ್ತಾರೆ, ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡು. ನೀವು ಮೂಲ ಆದೇಶ, ಪ್ರಜಾಪ್ರತಿನಿಧಿ ಸಭೆಯ ನಡಾವಳಿ, ಆರೋಗ್ಯ ಇಲಾಖೆಯ ವಾರ್ಷಿಕ ವರದಿ ಮೂರನ್ನೂ ಎದುರಿಗಿಟ್ಟುಕೊಂಡು ಓದಿ. ಆದೇಶ ಹೊರಟದ್ದು ಒಂದು ಸಂಗತಿ, ಕ್ಲಿನಿಕ್‌ಗೆ ಎಷ್ಟು ಜನ ಬಂದರು ಎಂಬುದು ಇನ್ನೊಂದು.

ದೇಶದ ಮಟ್ಟದಲ್ಲಿ ದೆಹಲಿಯ ರಾಷ್ಟ್ರೀಯ ಪತ್ರಾಗಾರ. ಹೊರಡುವ ಮೊದಲು ‘ಅಭಿಲೇಖ ಪಟಲ’ ಜಾಲತಾಣದಲ್ಲಿ ಹುಡುಕಿ ಕಡತ ಸಂಖ್ಯೆಗಳನ್ನು ಬರೆದುಕೊಳ್ಳಿ. ಗೋಪ್ಯ ಎಂದು ವರ್ಗೀಕರಿಸದ, 30 ವರ್ಷ ದಾಟಿದ, ಪತ್ರಾಗಾರಕ್ಕೆ ವರ್ಗಾವಣೆಯಾದ ಕಡತಗಳನ್ನು ಸಂಶೋಧಕರು ನೋಡಬಹುದು ಎಂಬುದು ನಿಯಮ. ತೊಡಕಿರುವುದು ‘ವರ್ಗಾವಣೆಯಾದ’ ಎಂಬ ಪದದಲ್ಲಿ: ಸಚಿವಾಲಯ ಕಳಿಸಿಯೇ ಇಲ್ಲದ ಕಡತ ಎಷ್ಟು ಹಳೆಯದಾದರೂ ಅಲ್ಲಿ ಸಿಗದು. ಅದಕ್ಕೆ ಹಂತ 5 ಇದೆ. ತುರ್ತು ಪರಿಸ್ಥಿತಿಗೆ, ಆ ಕಾಲದ ಅತಿರೇಕಗಳ ವಿಚಾರಣೆ ನಡೆಸಿದ ಶಾ ಆಯೋಗದ ಮೂರು ವರದಿಗಳನ್ನು ಓದಲೇಬೇಕು, ಬಲವಂತದ ಆಪರೇಷನ್‌ಗಳ ವಿಚಾರ ಇರುವುದು 1978ರ ಆಗಸ್ಟ್‌ನ ಕೊನೆಯದರಲ್ಲಿ. ಬಹುಕಾಲ ಪ್ರತಿಗಳು ಸಿಗುತ್ತಿರಲಿಲ್ಲ. 2010ರಲ್ಲಿ ಹಿರಿಯ ಸಂಸದೀಯ ಪಟು ಎರ ಸೆಳಿಯನ್ ಮರುಮುದ್ರಿಸಿದ ಮೇಲೆ ಆ ತೊಂದರೆ ತಪ್ಪಿದೆ.

ಮೂರನೆಯದು ಹೊರದೇಶ. 1952ರಲ್ಲಿ ಮೂರನೇ ಜಾನ್ ಡಿ. ರಾಕ್‌ಫೆಲ್ಲರ್ ಕಟ್ಟಿದ ಪಾಪ್ಯುಲೇಷನ್ ಕೌನ್ಸಿಲ್ಲಿನ ಮತ್ತು ಫೋರ್ಡ್ ಫೌಂಡೇಷನ್ನಿನ ಕಾಗದಪತ್ರಗಳು ನ್ಯೂಯಾರ್ಕ್ ರಾಜ್ಯದ ಸ್ಲೀಪಿ ಹಾಲೋದಲ್ಲಿರುವ ರಾಕ್‌ಫೆಲ್ಲರ್ ಪತ್ರಾಗಾರದಲ್ಲಿವೆ. ಸಂಶೋಧಕರಿಗೆ ಅಲ್ಲಿ ಪ್ರಯಾಣ ಧನಸಹಾಯವೂ ಉಂಟು. ವಿಶ್ವಬ್ಯಾಂಕಿನ ಪತ್ರಾಗಾರ ನಮಗೆ ಇನ್ನೂ ಹತ್ತಿರದ್ದು, ಯಾಕೆಂದರೆ 1970ರ ದಶಕದಲ್ಲಿ ಬ್ಯಾಂಕು ಮತ್ತು ಸ್ವೀಡನ್ ಸೇರಿ ಹಣ ಕೊಟ್ಟ ಮೊದಲ ಭಾರತ ಜನಸಂಖ್ಯಾ ಯೋಜನೆ ನಡೆದದ್ದು ಉತ್ತರ ಪ್ರದೇಶ ಮತ್ತು ಕರ್ನಾಟಕದಲ್ಲಿ. ಬೆಂಗಳೂರಿನ ಪಾಪ್ಯುಲೇಷನ್ ಸೆಂಟರ್ ಹುಟ್ಟಿದ್ದು ಅದರಿಂದ.

ಒಳಗೆ ಕೂತಾಗ:

ಎ) ವಿಶ್ವವಿದ್ಯಾಲಯದ ಪತ್ರ ಮತ್ತು ಗುರುತಿನ ಚೀಟಿ ಎರಡೆರಡು ಪ್ರತಿ ಒಯ್ಯಿರಿ. ಮೊಬೈಲಿನಲ್ಲಿ ಚಿತ್ರ ತೆಗೆಯಬಹುದೇ, ಶುಲ್ಕ ಎಷ್ಟು ಎಂದು ಮೊದಲ ದಿನವೇ ಕೇಳಿ.

ಬಿ) ಪ್ರತಿ ಕಡತದಲ್ಲೂ ಮೊದಲ ಚಿತ್ರ ರಟ್ಟಿನದು. ಚಿತ್ರಕ್ಕೆ ಪತ್ರಾಗಾರ, ಇಲಾಖೆ, ವರ್ಷ, ಕಡತ ಸಂಖ್ಯೆ, ಹಾಳೆ ಈ ಕ್ರಮದಲ್ಲಿ ಹೆಸರಿಡಿ, ಅದೂ ಅದೇ ದಿನ ಸಂಜೆ. ವಾರ ಬಿಟ್ಟರೆ ಎರಡು ಸಾವಿರ ಚಿತ್ರಗಳಲ್ಲಿ ಯಾವುದು ಯಾವ ಕಡತದ್ದೆಂದು ದೇವರಿಗೇ ಗೊತ್ತು.

ಸಿ) ಪತ್ರಕ್ಕಿಂತ ಪತ್ರದ ಅಂಚು ಓದಿ. ತಜ್ಞರ ಟಿಪ್ಪಣಿಯ ಪಕ್ಕದಲ್ಲಿ ಹಣಕಾಸು ಇಲಾಖೆಯ ಅಧಿಕಾರಿ ಗೀಚಿದ ಎರಡು ಸಾಲಿನಲ್ಲಿ ನಿಜವಾದ ತೀರ್ಮಾನ ಇರುತ್ತದೆ.

ಡಿ) ವರದಿಯ ಕರಡು ಮತ್ತು ಅಚ್ಚಾದ ಪ್ರತಿ ಎರಡೂ ಸಿಕ್ಕರೆ ಅಳಿಸಿಹೋದ ಸಾಲುಗಳನ್ನು ಪಟ್ಟಿ ಮಾಡಿ. ಒಂದು ಅಧ್ಯಾಯಕ್ಕೆ ಅದೇ ಸಾಕು.

ಹಂತ 5: ಮಾಹಿತಿ ಹಕ್ಕು ಅರ್ಜಿ

ಇಲಾಖೆಗಳಲ್ಲೇ ಉಳಿದ ಕಡತಕ್ಕೆ 2005ರ ಕಾಯ್ದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಉತ್ತರ ಬರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಆಯೋಗಕ್ಕೆ ಎರಡನೆಯದು. ಕರ್ನಾಟಕದ ನಿಯಮ ಕೇಂದ್ರದ್ದಕ್ಕಿಂತ ಬಿಗಿ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರುವಂತಿಲ್ಲ. ಕೇಂದ್ರದಲ್ಲಿ 500 ಪದ. ಇದು ತಿಳಿಯದೆ ಉದ್ದನೆಯ ಅರ್ಜಿ ಹಾಕಿ ವಾಪಸು ಪಡೆಯುವವರೇ ಹೆಚ್ಚು.

‘ಯಾಕೆ ಹೀಗೆ ಮಾಡಿದಿರಿ?’ ಎಂದು ಕೇಳಿದರೆ ಕಾಯ್ದೆಯಡಿ ಉತ್ತರ ಕೊಡಬೇಕಿಲ್ಲ, ದಾಖಲೆ ಕೇಳಿ. ‘1985ರಿಂದ 1996ರವರೆಗೆ ಇಂಥ ಜಿಲ್ಲೆಗೆ ನಿಗದಿಯಾದ ವಾರ್ಷಿಕ ಗುರಿಗಳ ಸುತ್ತೋಲೆಗಳ ಪ್ರತಿ’ ಎಂಬ ಧಾಟಿ ಸರಿ. ಕಡತ ನಾಶವಾಗಿದೆ ಎಂಬ ಉತ್ತರ ಬಂದರೆ ನಿರಾಶರಾಗಬೇಡಿ, ನಾಶಪಡಿಸಿದ ಆದೇಶ ಮತ್ತು ನಾಶಪಟ್ಟಿಯ ಪ್ರತಿ ಕೇಳಿ. ಇಪ್ಪತ್ತು ವರ್ಷಕ್ಕಿಂತ ಹಳೆಯ ಘಟನೆಗಳ ಮಾಹಿತಿಗೆ ಸೆಕ್ಷನ್ 8(3) ಉಲ್ಲೇಖಿಸಿ, ಹೆಚ್ಚಿನ ವಿನಾಯಿತಿಗಳು ಅಲ್ಲಿಗೆ ಬಿದ್ದುಹೋಗುತ್ತವೆ.

ಹಂತ 6: ಅಂಕಿಅಂಶ ಓದುವ ಬಗೆ

ನಿಮಗೆ ಅಂಕಿ ಸಾಕ್ಷಿಯೂ ಹೌದು, ಆರೋಪಿಯೂ ಹೌದು. 1976-77ರಲ್ಲಿ ದೇಶದಲ್ಲಿ ನಡೆದ ಆಪರೇಷನ್‌ಗಳು ಎಷ್ಟು? ಶಾ ಆಯೋಗದ ಪ್ರಕಾರ ಸುಮಾರು 81.3 ಲಕ್ಷ, ಗುರಿ ಇದ್ದದ್ದು 42.55 ಲಕ್ಷ. ಆರೋಗ್ಯ ಸಚಿವಾಲಯದ ವಾರ್ಷಿಕ ಪುಸ್ತಕಗಳಿಂದ ಬಂದ ಅಂಕಿ ಸುಮಾರು 82.6 ಲಕ್ಷ. ಸಾಮಾನ್ಯವಾಗಿ ವಿದ್ಯಾರ್ಥಿಗಳು ಇವೆರಡರಲ್ಲಿ ಒಂದನ್ನು ಆರಿಸಿ ಮುಂದೆ ಹೋಗುತ್ತಾರೆ. ಹೋಗಬೇಡಿ. ಲಕ್ಷಕ್ಕೂ ಮೀರಿದ ಈ ವ್ಯತ್ಯಾಸ ಯಾವ ಹಂತದಲ್ಲಿ, ಯಾವ ರಾಜ್ಯದ ಲೆಕ್ಕದಲ್ಲಿ ಹುಟ್ಟಿತು ಎಂದು ಹುಡುಕುವುದೇ ನಿಮ್ಮ ಕೆಲಸ. ಪ್ರತಿ ಅಂಕಿಯ ಪಕ್ಕದಲ್ಲೂ ಮೂರು ಸಂಗತಿ ಬರೆದಿಡಿ: ಎಣಿಸಿದವರು ಯಾರು, ಎಣಿಸಿದ್ದಕ್ಕೆ ಅವರಿಗೆ ಏನು ಸಿಗುತ್ತಿತ್ತು, ಪರಿಶೀಲಿಸುವವರು ಇದ್ದರೋ ಇಲ್ಲವೋ.

ಸಮೀಕ್ಷೆಗಳದು ಬೇರೆ ಕಥೆ. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ 1950ರ ದಶಕದ ಆರಂಭದಲ್ಲಿ ಬೆಂಗಳೂರು ಮತ್ತು ಸುತ್ತಲ ಗ್ರಾಮಾಂತರದಲ್ಲಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನದ ವರದಿ 1961ರಲ್ಲಿ ಅಚ್ಚಾಯಿತು. ಎಷ್ಟು ಮಕ್ಕಳು ಬೇಕು, ಸಾಕೆನಿಸಿದೆಯೇ ಎಂದು ಹೆಂಗಸರನ್ನು ಕೇಳಿದ ಮೊದಮೊದಲ ದೊಡ್ಡ ಪ್ರಯತ್ನಗಳಲ್ಲಿ ಅದೂ ಒಂದು. ಮುಂದೆ ‘ಅರಿವು-ಧೋರಣೆ-ಆಚರಣೆ’ ಸಮೀಕ್ಷೆಗಳು ದೇಶದಾದ್ಯಂತ ಹಬ್ಬಿದವು. ಮನೆ ಬಾಗಿಲಿಗೆ ಬಂದ ಅಪರಿಚಿತರಿಗೆ ಮರ್ಯಾದೆಗಾಗಿ ಹೇಳಿದ ‘ಹೂಂ ಸಾಕು’ ಎಂಬುದು ಕೋಷ್ಟಕದಲ್ಲಿ ‘ಬೇಡಿಕೆ’ ಆಗಿ ಕೂರುತ್ತದೆ. ಪಂಜಾಬಿನ ಲೂಧಿಯಾನ ಜಿಲ್ಲೆಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದವರು 1950ರ ದಶಕದಲ್ಲಿ ನಡೆಸಿದ ಖನ್ನಾ ಅಧ್ಯಯನದ ಬಗ್ಗೆ ಮಹಮೂದ್ ಮಮ್ದಾನಿ 1972ರಲ್ಲಿ ಎತ್ತಿದ ತಕರಾರು ಇದೇ: ಹಳ್ಳಿಯವರು ಗುಳಿಗೆಯನ್ನು ಸೌಜನ್ಯಕ್ಕೆ ಇಸಿದುಕೊಂಡರು, ಬಳಸಲಿಲ್ಲ, ದುಡಿಯುವ ಕೈ ಬೇಕಾದ ಮನೆಗೆ ಹೆಚ್ಚು ಮಕ್ಕಳು ಮೂರ್ಖತನವಾಗಿರಲಿಲ್ಲ. ಮಮ್ದಾನಿಯವರನ್ನು ಓದಿ, ಆದರೆ ಅಲ್ಲೇ ನಿಲ್ಲಬೇಡಿ. ಮಕ್ಕಳು ಬೇಡವೆಂದೇ ನಿಜವಾಗಿ ಬಯಸಿ ದಾರಿ ಕಾಣದಿದ್ದ ಹೆಂಗಸರು ಅವರ ಕಥನದಲ್ಲಿ ಕಾಣಿಸುವುದು ಕಡಿಮೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 1992-93ರಿಂದ 2019-21ರ ಹೊತ್ತಿಗೆ ಐದು ಸುತ್ತು ಮುಗಿಸಿತ್ತು. ಸುತ್ತಿನಿಂದ ಸುತ್ತಿಗೆ ಹೋಲಿಸುವ ಮುಂಚೆ ವ್ಯಾಖ್ಯೆ ನೋಡಿ. ‘ಪೂರೈಸದ ಬೇಡಿಕೆ’ (ಮಕ್ಕಳು ಬೇಡ ಅಥವಾ ಸದ್ಯಕ್ಕೆ ಬೇಡ ಎನ್ನುವ, ಆದರೆ ಯಾವ ವಿಧಾನವನ್ನೂ ಬಳಸದವರ ಪ್ರಮಾಣ) ಎಣಿಸುವ ಕ್ರಮವನ್ನು 2012ರಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲೇ ಪರಿಷ್ಕರಿಸಲಾಯಿತು. ಹಳೆಯ ವರದಿಯ ಅಂಕಿಯನ್ನು ಹೊಸದರ ಪಕ್ಕ ಹಾಗೆಯೇ ಇಡುವುದು ತಪ್ಪು. ಪ್ರಶ್ನಾವಳಿ, ಸಂದರ್ಶಕರ ಕೈಪಿಡಿಗಳನ್ನು ಈಗಲೇ ಇಳಿಸಿಟ್ಟುಕೊಳ್ಳಿ. ಇವನ್ನು ಹಂಚುತ್ತಿದ್ದ ಡಿಎಚ್‌ಎಸ್ (ಹಲವು ದೇಶಗಳ ಜನಸಂಖ್ಯೆ-ಆರೋಗ್ಯ ಸಮೀಕ್ಷೆಗಳಿಗೆ ನೆರವಾಗುತ್ತಿದ್ದ) ಕಾರ್ಯಕ್ರಮಕ್ಕೆ 2025ರಲ್ಲಿ ಅಮೆರಿಕ ಸರ್ಕಾರದ ಹಣ ನಿಂತಿತು, ಜಾಲತಾಣ ಸದಾ ಇರುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ.

ಐದನೇ ಸುತ್ತಿನಲ್ಲಿ ದೇಶದ ಒಟ್ಟು ಫಲವತ್ತತೆ ದರ 2.0, ಕರ್ನಾಟಕದ್ದು 1.7. ದೇಶದಲ್ಲಿ ವಿವಾಹಿತ ಹೆಂಗಸರಲ್ಲಿ ಆಪರೇಷನ್ ಮಾಡಿಸಿಕೊಂಡವರು ಶೇ 37.9, ಗಂಡಸರ ಆಪರೇಷನ್ ಶೇ 0.3. 1976-77ರಲ್ಲಿ ನಾಲ್ಕರಲ್ಲಿ ಮೂರು ಆಪರೇಷನ್ ಗಂಡಸರದಾಗಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಗಂಡಸರ ಸಿಟ್ಟು ಸರ್ಕಾರವನ್ನೇ ಬೀಳಿಸಿದ ಮೇಲೆ ಕಾರ್ಯಕ್ರಮ ಹೆಂಗಸರ ಕಡೆ ತಿರುಗಿತು ಎಂಬುದು ಎಲ್ಲರೂ ಕೊಡುವ ವಿವರಣೆ. ಅದು ಭಾಗಶಃ ಸರಿ. ಇದರಲ್ಲಿ ಸಣ್ಣ ರಂಧ್ರದ ಮೂಲಕ ಹೆಂಗಸರ ಆಪರೇಷನ್ ಮಾಡುವ ಲ್ಯಾಪರೊಸ್ಕೋಪ್ ಎಂಬ ಹೊಸ ಉಪಕರಣದ ಪಾಲು ಎಷ್ಟು ಎಂದು ಕೇಳಿದವರು ಕಡಿಮೆ.

ಹಂತ 7: ಸಂದರ್ಶನ

ಮೊದಲು ನೈತಿಕ ಸಮಿತಿಯ ಅನುಮತಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಅರ್ಜಿ ಹಾಕಿ, ಕನ್ನಡದ ಒಪ್ಪಿಗೆ ಪತ್ರ ಜೊತೆಗಿರಲಿ. ಮೂರರಿಂದ ಆರು ತಿಂಗಳು ಹಿಡಿಯಬಹುದು, ಆದ್ದರಿಂದ ಪತ್ರಾಗಾರಕ್ಕೆ ಹೋಗುವ ಮುಂಚೆಯೇ ಹಾಕಿಬಿಡಿ. ಅನುಮತಿಗೆ ಮೊದಲು ನಡೆಸಿದ ಸಂದರ್ಶನವನ್ನು ಪ್ರಬಂಧದಲ್ಲಿ ಬಳಸುವಂತಿಲ್ಲ.

ಮೂರು ಗುಂಪಿನಿಂದ ಒಟ್ಟು 25ರಿಂದ 35 ಮಂದಿ ಸಾಕು: ನಿವೃತ್ತ ಅಧಿಕಾರಿಗಳು ಮತ್ತು ತಜ್ಞರು, ಕೆಳಹಂತದ ಆರೋಗ್ಯ ಸಿಬ್ಬಂದಿ, ಆಪರೇಷನ್ ಮಾಡಿಸಿಕೊಂಡವರು. ಹೆಚ್ಚಿನವರು ಮೊದಲ ಗುಂಪಿನಲ್ಲೇ ಸುಸ್ತಾಗುತ್ತಾರೆ. ಸಂಶೋಧನೆಯ ತಿರುಳಿರುವುದು ಎರಡನೆಯದರಲ್ಲಿ. ಕಾಗದದಲ್ಲಿ ‘ಕಿರಿಯ ಮಹಿಳಾ ಆರೋಗ್ಯ ಸಹಾಯಕಿ’ ಆಗಿದ್ದವರು ಊರಿನ ಬಾಯಲ್ಲಿ ‘ಸಿಸ್ಟರ್’ ಅಥವಾ ‘ನರ್ಸಮ್ಮ’. ಅರ್ಹ ದಂಪತಿಗಳ (ಮಕ್ಕಳಾಗುವ ವಯಸ್ಸಿನವರ) ರಿಜಿಸ್ಟರ್ ತುಂಬಿದವರು ಅವರೇ. ‘ಗುರಿ ಪದ್ಧತಿಯ ಬಗ್ಗೆ ನಿಮ್ಮ ಅಭಿಪ್ರಾಯವೇನು?’ ಎಂದರೆ ಇಲಾಖೆಯ ಭಾಷೆಯಲ್ಲೇ ಉತ್ತರ ಬರುತ್ತದೆ. ‘ಮಾರ್ಚ್ ತಿಂಗಳಲ್ಲಿ ಕೇಸ್ ಕಮ್ಮಿ ಬಿದ್ದರೆ ಏನು ಮಾಡ್ತಿದ್ರಿ ಅಕ್ಕಾ?’ ಎಂದು ಕೇಳಿ, ಆಮೇಲೆ ಸುಮ್ಮನಿರಿ. ‘ನಿರೋಧ್ ಲೆಕ್ಕ ಹೇಗೆ ಬರೀತಿದ್ರಿ?’ ಎಂಬುದೂ ಒಳ್ಳೆಯ ಪ್ರಶ್ನೆ: ವರ್ಷಕ್ಕೆ 72 ನಿರೋಧ್ ಹಂಚಿದರೆ ಒಬ್ಬ ಬಳಕೆದಾರ ಎಂಬುದು ಲೆಕ್ಕ, ಹಂಚಿದ್ದೆಲ್ಲ ಬಳಕೆಯಾಯಿತೆಂದು ಯಾರೂ ನೋಡಿಲ್ಲ.

ಮೂರನೇ ಗುಂಪಿನ ಬಳಿ ಅತಿ ಎಚ್ಚರ ಇರಲಿ. ಆಶಾ ಕಾರ್ಯಕರ್ತೆಯ ಮೂಲಕವೇ ಹೆಂಗಸರನ್ನು ಹುಡುಕಿದರೆ ನೀವು ಇಲಾಖೆಯವರು ಎಂದೇ ಅವರು ತಿಳಿಯುತ್ತಾರೆ. ಗಂಡ ಅಥವಾ ಅತ್ತೆ ಎದುರಿಗೆ ಕೂತಿದ್ದರೆ ಬೇರೆ ಮಾತಾಡಿ ಎದ್ದುಬನ್ನಿ, ಇನ್ನೊಂದು ದಿನ ಹೋಗಿ. ಆಪರೇಷನ್‌ನಿಂದ ತೊಂದರೆ ಅನುಭವಿಸುತ್ತಿರುವವರು ಸಿಕ್ಕರೆ ಯಾವ ಆಸ್ಪತ್ರೆಗೆ ಕಳಿಸಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿರಿ. ಒಂದು ಗಂಟೆಯ ಕನ್ನಡ ಮಾತನ್ನು ಬರಹಕ್ಕಿಳಿಸಲು ಐದಾರು ಗಂಟೆ ಬೇಕು. ವೇಳಾಪಟ್ಟಿಯಲ್ಲಿ ಇದನ್ನು ಸೇರಿಸದೆ ಕೆಟ್ಟವರು ಬಹಳ. ‘ಕೇಸು’, ‘ಟಾರ್ಗೆಟ್’ ಎಂಬ ಪದಗಳನ್ನು ಇಂಗ್ಲಿಷಿಗೆ ಹೊರಳಿಸುವಾಗ ಸಭ್ಯಗೊಳಿಸಬೇಡಿ.

ಹಂತ 8: ಬರವಣಿಗೆ

ಕಾಲಾನುಕ್ರಮದಲ್ಲಿ ಅಧ್ಯಾಯ ಜೋಡಿಸಿದರೆ ಪ್ರಬಂಧ 1952ರಿಂದ ಶುರುವಾಗಿ 2000ಕ್ಕೆ ಮುಗಿಯುವ ಪಠ್ಯಪುಸ್ತಕವಾಗುತ್ತದೆ. ಹಿಡಿದ ವಸ್ತು ಯಾವ ಜಾಗಗಳನ್ನು ಹಾದುಹೋಯಿತೋ ಆ ಜಾಗಗಳಂತೆ ಜೋಡಿಸಿ: ಲೆಕ್ಕ ಕಟ್ಟಿದ ಕೋಣೆ, ಹಣ ಮಂಜೂರಾದ ಮೇಜು, ಜಿಲ್ಲಾ ಸಭೆ, ಕ್ಯಾಂಪು, ಕೋರ್ಟು. ಕೋರ್ಟಿಗೆ ಸುಪ್ರೀಂ ಕೋರ್ಟಿನ ಕನಿಷ್ಠ ಎರಡು ತೀರ್ಪು ಓದಿ. ಎರಡು ಮಕ್ಕಳ ನಿಯಮವನ್ನು (ಹೆಚ್ಚು ಮಕ್ಕಳಿದ್ದವರು ಪಂಚಾಯಿತಿ ಹುದ್ದೆಗೆ ಅನರ್ಹರು) ಎತ್ತಿಹಿಡಿದ 2003ರ ಜಾವೇದ್ ಪ್ರಕರಣ ಒಂದು. ಬಿಲಾಸ್‌ಪುರದಲ್ಲಿ 2014ರ ನವೆಂಬರ್‌ನಲ್ಲಿ ಒಂದೇ ದಿನ 83 ಹೆಂಗಸರಿಗೆ ಆಪರೇಷನ್ ಮಾಡಿ ಹಲವರು ಸತ್ತ ದುರಂತವನ್ನೂ ಪರಿಗಣಿಸಿ, ಮೂರು ವರ್ಷದೊಳಗೆ ಕ್ಯಾಂಪುಗಳನ್ನು ನಿಲ್ಲಿಸುವ ದಿಕ್ಕಿನಲ್ಲಿ ನಡೆಯಬೇಕೆಂದ 2016ರ ದೇವಿಕಾ ಬಿಸ್ವಾಸ್ ಪ್ರಕರಣ ಇನ್ನೊಂದು. ಎರಡರಲ್ಲೂ ನ್ಯಾಯಾಲಯ ಯಾವ ಅಂಕಿಗಳನ್ನು ಪ್ರಶ್ನೆಯಿಲ್ಲದೆ ಒಪ್ಪಿತು ಎಂದು ಗೆರೆ ಎಳೆಯುತ್ತ ಓದಿ.

ಇಲ್ಲಿ ಎರಡು ಹಳ್ಳಗಳಿವೆ. ಎಲ್ಲವೂ ವಿದೇಶಿ ಫೌಂಡೇಷನ್‌ಗಳ ಸಂಚು ಎಂಬುದು ಒಂದು. ಫೋರ್ಡ್ ಬರುವುದಕ್ಕೆ ಎಷ್ಟೋ ಮೊದಲು, 1916ರಲ್ಲೇ ಪಿ.ಕೆ. ವಟ್ಟಲ್ ಭಾರತದ ಜನಸಂಖ್ಯಾ ಸಮಸ್ಯೆಯ ಮೇಲೆ ಪುಸ್ತಕ ಬರೆದಿದ್ದರು, 1921ರಲ್ಲಿ ರ.ಧೋ. ಕರ್ವೆ ಮುಂಬಯಿಯಲ್ಲಿ ಕ್ಲಿನಿಕ್ ತೆರೆದಿದ್ದರು. ನಮ್ಮವರದೇ ಜಾತಿ-ವರ್ಗದ ಆತಂಕಗಳು ಅಲ್ಲಿದ್ದವು. ಇನ್ನೊಂದು ಹಳ್ಳ, ತುರ್ತು ಪರಿಸ್ಥಿತಿಯನ್ನು ಮಾತ್ರ ವಿಕೃತಿಯೆಂದು ಬೇರೆ ಮಾಡುವುದು. ಎರ್ನಾಕುಳಂನಲ್ಲಿ 1971ರ ಜುಲೈನ ಒಂದೇ ಶಿಬಿರದಲ್ಲಿ 63 ಸಾವಿರದಷ್ಟು ಗಂಡಸರ ಆಪರೇಷನ್ ಆದಾಗ ಅದನ್ನು ದೇಶವೇ ಮಾದರಿಯೆಂದು ಹೊಗಳಿತ್ತು.

ಹಂತ 9: ಸಲ್ಲಿಕೆ

ಯುಜಿಸಿಯ 2018ರ ನಿಯಮದಂತೆ ಬೇರೆ ಬರಹಗಳೊಂದಿಗೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ, ಅದಕ್ಕಿಂತ ಹೆಚ್ಚಾಗಿ ಶೇ 40ರವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಅದನ್ನೂ ಮೀರಿದರೆ ದಂಡ ಇನ್ನೂ ಕಠಿಣ. ಸರ್ಕಾರಿ ಆದೇಶಗಳ ಉದ್ದನೆಯ ಉಲ್ಲೇಖಗಳಿಂದ ಈ ಪ್ರಮಾಣ ಏರುತ್ತದೆ, ಉದ್ಧರಣ ಚಿಹ್ನೆ ಸರಿಯಾಗಿ ಹಾಕಿ. ಮೌಖಿಕ ಪರೀಕ್ಷೆಯಲ್ಲಿ ‘ಹಾಗಾದರೆ ಜನಸಂಖ್ಯೆ ಸಮಸ್ಯೆಯೇ ಅಲ್ಲವೇ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಿಮ್ಮ ಪ್ರಬಂಧ ಅದಕ್ಕೆ ಉತ್ತರ ಕೊಡುವುದಿಲ್ಲ; ಅದು ಯಾವಾಗ, ಯಾರ ಲೆಕ್ಕದಲ್ಲಿ ಸಮಸ್ಯೆಯಾಯಿತು ಎಂಬುದಕ್ಕೆ ಕೊಡುತ್ತದೆ ಎಂದು ನೆಟ್ಟಗೆ ಹೇಳಿ.

ಪ್ರಬಂಧ ಶೋಧಗಂಗಾಕ್ಕೆ ಹೋದರೆ ಯಾರು ಬೇಕಾದರೂ ಓದಬಹುದು. ಹೆಸರು ಬದಲಿಸಿದ್ದೀರಿ ಸರಿ, ಆದರೆ ಒಂದು ಉಪಕೇಂದ್ರಕ್ಕೆ ಒಬ್ಬರೇ ಸಿಸ್ಟರ್ ಇದ್ದಾಗ ಊರು ಮತ್ತು ವರ್ಷ ಬರೆದರೆ ಹೆಸರು ಬರೆದಂತೆಯೇ. ಅನುಬಂಧಗಳನ್ನು, ರಿಜಿಸ್ಟರ್ ಪುಟಗಳ ಚಿತ್ರಗಳನ್ನು, ಒಪ್ಪಿಗೆ ಪತ್ರದ ಮೇಲಿನ ಸಹಿಗಳನ್ನು ಕೊನೆಯದಾಗಿ ಇನ್ನೊಮ್ಮೆ ನೋಡಿ. ಧ್ವನಿಮುದ್ರಣಗಳನ್ನು ಯಾವ ದಿನಾಂಕಕ್ಕೆ ಅಳಿಸುತ್ತೇನೆಂದು ನೈತಿಕ ಸಮಿತಿಗೆ ಬರೆದುಕೊಟ್ಟಿದ್ದಿರೋ ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ದಿನ ಎಲ್ಲ ಪ್ರತಿಗಳನ್ನೂ ಅಳಿಸಿ. ಬರಹಕ್ಕಿಳಿಸಲು ಬೇರೆಯವರಿಗೆ ಕೊಟ್ಟಿದ್ದ ಪೆನ್‌ಡ್ರೈವ್ ಮರೆಯಬೇಡಿ.